ಕಲ್ಲು, ಚೀಟಿ ಮತ್ತು ಕ್ಷೇಮಸಮಾಚಾರ

ಕಲ್ಲುಗಳನ್ನು ಕೂಡಿಹಾಕುವ ಹವ್ಯಾಸವು ನಮ್ಮ ನಾಡಿನಲ್ಲಿ ಅಂಚೆಚೀಟಿಗಳನ್ನೋ ಹಳೆಯ ನಾಣ್ಯಗಳನ್ನೋ ಕೂಡಿಹಾಕುವಷ್ಟು ಬಳಕೆಗೆ ಬಂದಿಲ್ಲ. ವಯಸ್ಸಾದವರೊಬ್ಬರು ದಾರಿಯಲ್ಲಿ ಬಗ್ಗಿ, ಕಲ್ಲೊಂದನ್ನು ಎತ್ತಿಕೊಂಡು, ಧೂಳನ್ನು ಒರಸಿ, ಬಿಸಿಲಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರೆ, ಹಾದುಹೋಗುವವರು ನಿಂತು ಅವರನ್ನೇ ನೋಡುವುದು ಇಂದಿಗೂ ಉಂಟು. ಹಾಗಿದ್ದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲಿ ಇಂಥ ಹುಚ್ಚಿನವರು ನಾವು ಕೆಲವರು ಇದ್ದೇವೆ. ಶಾಸ್ತ್ರವನ್ನು ಕ್ರಮವಾಗಿ ಓದಿದವರು ನಮ್ಮಲ್ಲಿ ಒಬ್ಬಿಬ್ಬರು ಮಾತ್ರ. ಮಿಕ್ಕವರು ಉಪಾಧ್ಯಾಯರು, ಅಂಗಡಿಯವರು, ಜಮೀನು ನೋಡಿಕೊಳ್ಳುವವರು, ಗೃಹಿಣಿಯರು. ನಮಗೆ ಸಂಘವಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಕಲ್ಲು ಸಿಕ್ಕಿದಾಗ ಒಬ್ಬರು ಮತ್ತೊಬ್ಬರಿಗೆ ಕಳುಹಿಸುತ್ತೇವೆ. ಸಂಗಡ ಒಂದು ಕಾಗದ ಬರೆಯುತ್ತೇವೆ.

ಆ ಕಾಗದಗಳನ್ನು ಶಾಸ್ತ್ರಜ್ಞರು ಓದಿದರೆ ನಗಬಹುದು. ಉಭಯಕುಶಲೋಪರಿಯಿಂದ ಆರಂಭವಾಗಿ, ಮಗಳ ಬಾಣಂತನ, ಅತ್ತೆಯವರ ಮಂಡಿನೋವು, ತೆಂಗಿನ ಮರಕ್ಕೆ ಹತ್ತಿದ ರೋಗ, ಹಿತ್ತಲಿನಲ್ಲಿ ಗೀಜಗ ಕಟ್ಟಿದ ಗೂಡು, ಬೇಲಿಯಲ್ಲಿ ಸಿಕ್ಕಿದ ಹಾವಿನ ಪೊರೆ, ಇವೆಲ್ಲವನ್ನೂ ಹಾದು, ಕೊನೆಗೆ ಎರಡು ಸಾಲಿನಲ್ಲಿ ಕಲ್ಲಿನ ವಿಷಯ ಬರುತ್ತದೆ. ಕಲ್ಲಿನ ವಿಷಯವನ್ನು ಬೇರೆಯಾಗಿ, ಮನೆಯ ವಿಷಯವನ್ನು ಬೇರೆಯಾಗಿ ಬರೆಯಬಾರದೆ ಎಂದು ಸ್ನೇಹಿತರೊಬ್ಬರು ಕೇಳಿದ್ದುಂಟು. ಬಾರದು ಎಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಹೇಳುವುದೇ ಈ ಭಾಷಣದ ಉದ್ದೇಶವು.

ಮೊದಲು, ಈ ಸೀಮೆಯಲ್ಲಿ ಎತ್ತಿಕೊಳ್ಳತಕ್ಕ ಕಲ್ಲು ಏನಿದೆ ಎಂಬುದನ್ನು ನೋಡೋಣ. ಹೇಮಾವತಿಯ ದಡದಲ್ಲಿರುವ ಗೊರೂರಿನ ಸುತ್ತ ಕಾಣುವ ಪಟ್ಟೆಪಟ್ಟೆಯ ಬಂಡೆಯನ್ನು ಶಾಸ್ತ್ರಜ್ಞರು ನೈಸ್ ಎಂದು ಕರೆಯುತ್ತಾರೆ. ಅದರ ವಯಸ್ಸು ಸುಮಾರು 330 ಕೋಟಿ ವರ್ಷವೆಂದು ಲೆಕ್ಕ ಹಾಕಿದ್ದಾರೆ. ಭೂಮಿಯ ವಯಸ್ಸೇ ಸುಮಾರು 454 ಕೋಟಿ ವರ್ಷವೆಂಬುದನ್ನು ನೆನೆದರೆ, ಬಟ್ಟೆ ಒಗೆಯುವ ಬಂಡೆಯ ಹಿರಿತನವು ಎಷ್ಟೆಂಬುದು ಮನಸ್ಸಿಗೆ ಬರುತ್ತದೆ. ಹೊಳೆನರಸೀಪುರದ ಸುತ್ತ ಇರುವ ಪದರುಗಲ್ಲುಗಳ ಪಟ್ಟಿಯೂ ಬಹು ಪುರಾತನವಾದುದು. ಅದರ ಹೆಸರು ಜಗತ್ತಿನ ಭೂಗರ್ಭಶಾಸ್ತ್ರದ ಗ್ರಂಥಗಳಲ್ಲೆಲ್ಲ ಬರುತ್ತದೆ. ಅಲ್ಲಿ ಗಾರ್ನೆಟ್ಟಿನ ಕೆಂಪು ಕಾಳುಗಳೂ, ಒಂದಕ್ಕೊಂದು ಅಡ್ಡವಾಗಿ ಬೆಳೆದು ಶಿಲುಬೆಯಂತೆ ಕಾಣಬಲ್ಲ ಸ್ಟಾರೊಲೈಟ್ ಹರಳುಗಳೂ, ನೀಲಿಯ ಛಾಯೆಯ ಕಯನೈಟ್ ಅಲಗುಗಳೂ ದೊರೆಯುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಅದಿರು ಪ್ರಸಿದ್ಧವಾದುದು.

ಈ ಕಯನೈಟಿನ ಒಂದು ಗುಣವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಸಾಧಾರಣವಾಗಿ ಒಂದು ಖನಿಜದ ಗಟ್ಟಿತನವು ಎಲ್ಲ ಕಡೆಯಿಂದಲೂ ಹೆಚ್ಚುಕಡಮೆ ಒಂದೇ ಆಗಿ ತೋರುತ್ತದೆ. ಕಯನೈಟ್ ಹಾಗಲ್ಲ. ಅದರ ಉದ್ದಕ್ಕೆ ಚಾಕುವಿನ ಮೊನೆಯಿಂದ ಗೀಚಿದರೆ ಗೀರು ಬೀಳುತ್ತದೆ. ಅಡ್ಡಕ್ಕೆ ಗೀಚಿದರೆ ಚಾಕುವಿನ ಉಕ್ಕೇ ಸವೆಯುತ್ತದೆ. ಮೋಸ್ ಎಂಬ ವಿದ್ವಾಂಸನು 1812ರಲ್ಲಿ ಏರ್ಪಡಿಸಿದ ಗಟ್ಟಿತನದ ಮೆಟ್ಟಲುಗಳಲ್ಲಿ ಉದ್ದಕ್ಕೆ ಸುಮಾರು ಐದು, ಅಡ್ಡಕ್ಕೆ ಸುಮಾರು ಏಳು. ನಮ್ಮ ಹೊಳೆನರಸೀಪುರದ ಮಿತ್ರರು ಇದನ್ನು ತಮ್ಮ ಬೀಗರಿಗೆ ತೋರಿಸಿ, “ನೋಡಿ, ನಮ್ಮ ಯಜಮಾನರ ಸ್ವಭಾವವೂ ಹೀಗೆಯೇ” ಎಂದು ಅವರಿಂದ ಹೇಳಿಸಿಕೊಂಡರಂತೆ. ಯಾರ ಯಜಮಾನರು ಎಂಬುದನ್ನು ಕಾಗದದಲ್ಲಿ ಬರೆದಿರಲಿಲ್ಲ.

ಚನ್ನರಾಯಪಟ್ಟಣದಿಂದ ಒಮ್ಮೆ ಎರಡು ಕರಿಯ ಕಲ್ಲುಗಳು ಒಂದೇ ಪೊಟ್ಟಣದಲ್ಲಿ ಬಂದವು. ಎರಡೂ ಕೈಗೆ ಭಾರ. ಕಣ್ಣಿಗೆ ಒಂದೇ ಬಣ್ಣ. ಮುರಿದ ಪಿಂಗಾಣಿ ಬಿಲ್ಲೆಯ ಮೆರುಗಿಲ್ಲದ ಬೆನ್ನಿನ ಮೇಲೆ ಉಜ್ಜಿದಾಗ ಒಂದು ಕಂದು ಗೆರೆಯನ್ನು ಕೊಟ್ಟಿತು, ಇನ್ನೊಂದು ಕಪ್ಪು ಗೆರೆಯನ್ನು ಕೊಟ್ಟಿತು. ಕಪ್ಪು ಗೆರೆಯದು ಅಯಸ್ಕಾಂತವನ್ನು ತಟ್ಟನೆ ಹಿಡಿದುಕೊಂಡಿತು. ಮೊದಲನೆಯದು ಕ್ರೋಮೈಟ್, ಎರಡನೆಯದು ಮ್ಯಾಗ್ನೆಟೈಟ್. ಇಂದು ಕೈಯ ದೂರವಾಣಿಯಿಂದ ಕ್ಷಣದಲ್ಲಿ ಚಿತ್ರವನ್ನು ಕಳುಹಿಸುವ ಅನುಕೂಲವಿದೆ, ಒಳ್ಳೆಯದೇ. ಆದರೆ ಚಿತ್ರಕ್ಕೆ ಭಾರವಿಲ್ಲ, ಅದರಿಂದ ಗೆರೆ ಎಳೆಯಲಾಗುವುದಿಲ್ಲ. ಆದುದರಿಂದ ನಾವು ಇನ್ನೂ ಪೊಟ್ಟಣ ಕಟ್ಟುತ್ತೇವೆ.

ಇನ್ನು ಚೀಟಿಯ ವಿಚಾರ. ಕಲ್ಲು ಎಷ್ಟೇ ಸುಂದರವಾಗಿರಲಿ, ಅದು ಎಲ್ಲಿಯದೆಂಬುದು ತಿಳಿಯದಿದ್ದರೆ ಅದರ ಬೆಲೆ ಕಪಾಟಿನ ಅಲಂಕಾರದಷ್ಟೇ. ಈ ವಿಷಯದಲ್ಲಿ ನಾವು ಬಂಡೆಗಳನ್ನು ಸ್ಥಾವರ, ಜಂಗಮ ಎಂದು ಎರಡಾಗಿ ಮಾಡಿಕೊಂಡಿದ್ದೇವೆ. ನೆಲಕ್ಕೆ ಅಂಟಿದ ಬಂಡೆಯಿಂದ ತೆಗೆದ ಚೂರು ಸ್ಥಾವರದ್ದು. ಅದು ಆ ನೆಲದ ಮಾತನ್ನು ಹೇಳುತ್ತದೆ. ಹೊಳೆಯ ಉರುಟುಗಲ್ಲು ಜಂಗಮ. ಹೊಳೆನರಸೀಪುರದ ಸೇತುವೆಯ ಕೆಳಗೆ ಸಿಕ್ಕಿದ ಕಲ್ಲು ಸಕಲೇಶಪುರದ ಕಡೆಯಿಂದ ಹೇಮಾವತಿಯೊಡನೆ ಉರುಳಿ ಬಂದದ್ದಿರಬಹುದು. ರಾಮನಾಥಪುರದ ಮಳಲಿನಲ್ಲಿ ಸಿಕ್ಕಿದ್ದು ಕೊಡಗಿನಿಂದ ಕಾವೇರಿಯೊಡನೆ ಬಂದದ್ದಿರಬಹುದು. ರೈಲುಹಳಿಯ ಜಲ್ಲಿ, ರಸ್ತೆಯ ಜಲ್ಲಿ, ಮನೆ ಕಟ್ಟಲು ತರಿಸಿದ ಜಲ್ಲಿ ಇವಂತೂ ಲಾರಿಯಲ್ಲಿ ಬಂದ ಜಂಗಮರು, ಅವನ್ನು ನಂಬಲೇಬಾರದು. ಆಲೂಗಡ್ಡೆಗೆಂದು ಉಳುವಾಗ ಹೊಲದಲ್ಲಿ ಎದ್ದು ಬರುವ ಕಲ್ಲು ಇವೆರಡಕ್ಕೂ ನಡುವಿನದು. ಅದು ಹೆಚ್ಚು ದೂರ ನಡೆದಿರುವುದಿಲ್ಲ, ಆದರೆ ನಿಂತಲ್ಲಿಯೂ ಇಲ್ಲ.

ಚೀಟಿಯನ್ನು ಹೇಗೆ ಬರೆಯಬೇಕೆಂಬುದಕ್ಕೆ ನಮಗೆ ಮಾದರಿ ದೊರೆತದ್ದು ಶಾಸನಗಳ ಪುಸ್ತಕದಿಂದ. ಲೂಯಿ ರೈಸರು ಮೈಸೂರು ಸಂಸ್ಥಾನದ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದಲ್ಲಿ ಅಚ್ಚು ಹಾಕಿಸಿದಾಗ ಒಂದೊಂದು ತಾಲ್ಲೂಕಿಗೂ ಬೇರೆ ಬೇರೆಯಾಗಿ ಸಂಖ್ಯೆ ಕೊಟ್ಟರು. ಹಾಸನ ಜಿಲ್ಲೆಯ ಸಂಪುಟವು 1902ರಲ್ಲಿ ಪ್ರಕಟವಾಯಿತು. ತಾಲ್ಲೂಕಿನ ಹೆಸರು, ಸಂಖ್ಯೆ, ಗ್ರಾಮ, ಗ್ರಾಮದಲ್ಲಿ ಆ ಕಲ್ಲು ನಿಂತಿರುವ ಜಾಗ, ಇಷ್ಟು ಇದ್ದರೆ ನೂರು ವರ್ಷದ ಮೇಲೂ ಹುಡುಕಿಕೊಂಡು ಹೋಗಬಹುದು. ನಮ್ಮ ಚೀಟಿಯೂ ಹಾಗೆಯೇ: ಅರಕಲಗೂಡು, ಸಂಖ್ಯೆ ಇಷ್ಟು, ಇಂಥ ಗ್ರಾಮ, ಕೆರೆಯ ಕೋಡಿಯಿಂದ ಇಷ್ಟು ಹೆಜ್ಜೆ, ಸ್ಥಾವರವೋ ಜಂಗಮವೋ, ತಾರೀಖು, ಎತ್ತಿದವರ ಹೆಸರು. ಎತ್ತಿದವರ ಹೆಸರನ್ನು ಬಿಡಬಾರದು. ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ದೇವಾಲಯದಲ್ಲಿ ಮಲ್ಲಿತಮ್ಮ, ಬೈಚೋಜ ಎಂಬ ಶಿಲ್ಪಿಗಳು ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ; ಬಳಪದ ಕಲ್ಲಿಗೆ ಅದಕ್ಕಿಂತ ಒಳ್ಳೆಯ ಚೀಟಿ ಬೇಕೆ?

ಈಗ ಮನೆಯ ಸಮಾಚಾರಕ್ಕೆ ಬರುತ್ತೇವೆ. ಅರಕಲಗೂಡಿನ ಕಡೆಯ ವೃದ್ಧ ಉಪಾಧ್ಯಾಯರೊಬ್ಬರು ನಮ್ಮ ಬಳಗದಲ್ಲಿ ಎಲ್ಲರಿಗಿಂತ ಹಿರಿಯರು. ಚೀಟಿ ಅಂಟಿಸುವುದೆಂದರೆ ಅವರಿಗೆ ಆಗದು. “ನನಗೆ ನೆನಪಿದೆಯಲ್ಲ” ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಎರಡು ಟ್ರಂಕುಗಳ ತುಂಬ ಕಲ್ಲು ಉಳಿಯಿತು. ಮನೆಯನ್ನು ವಿಸ್ತರಿಸುವ ಕೆಲಸ ನಡೆದಿತ್ತು. ತಳಪಾಯಕ್ಕೆ ತುಂಬಬಹುದಲ್ಲ ಎಂದು ಮೇಸ್ತ್ರಿ ಕೇಳಿದನಂತೆ. ತಡೆದವರು ಸೊಸೆ. “ಮಾವನವರು ಇವನ್ನು ಮಕ್ಕಳ ಹಾಗೆ ತೊಳೆಯುತ್ತಿದ್ದರು, ಯಾರಿಗಾದರೂ ಬೇಕಾಗಿರುತ್ತದೆ” ಎಂದು ನಮಗೆ ಕಾಗದ ಬರೆಸಿದರು.

ನಾವು ಹೋಗಿ ನೋಡಿದಾಗ ಟ್ರಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ಕಲ್ಲುಗಳಿದ್ದವು. ಒಂದರ ಮೇಲೂ ಅಕ್ಷರವಿರಲಿಲ್ಲ. ಅವರು ನಮಗೆ ಬರೆದಿದ್ದ ಕಾಗದಗಳು ಮಾತ್ರ ನಮ್ಮಲ್ಲಿ ಇದ್ದವು, ಏಕೆಂದರೆ ಅವುಗಳಲ್ಲಿ ಮನೆಯ ಸಮಾಚಾರವಿದ್ದುದರಿಂದ ಹರಿದು ಹಾಕಲು ಮನಸ್ಸು ಬಂದಿರಲಿಲ್ಲ. ಬರಿಯ ಕಲ್ಲಿನ ಪಟ್ಟಿಯಾಗಿದ್ದರೆ ಎಂದೋ ಒಲೆಗೆ ಹೋಗುತ್ತಿತ್ತು. ಆ ಕಾಗದಗಳನ್ನು ತಂದು, ಸೊಸೆಯವರನ್ನೂ ಅವರ ನಾದಿನಿಯರನ್ನೂ ಕೂರಿಸಿಕೊಂಡು ಓದಿದೆವು. ಒಂದರಲ್ಲಿ, “ಎರಡನೆಯ ಮಗಳನ್ನು ಬಾಣಂತನ ಮುಗಿಸಿ ಗಂಡನ ಮನೆಗೆ ಬಿಡಲು ಹೋಗುವಾಗ ಬಸ್ಸು ಕೆಟ್ಟು ನಿಂತಿತು; ರಸ್ತೆ ಕಡಿದ ಜಾಗದಲ್ಲಿ ನೀಲಿ ಅಲಗಿನ ಕಲ್ಲು ಸಿಕ್ಕಿತು, ಮಗು ಅಳುತ್ತಿತ್ತು” ಎಂದು ಇತ್ತು. ಬಸ್ಸು ಎಲ್ಲಿ ಕೆಟ್ಟಿತೆಂಬುದು ನಮಗೆ ಹೇಗೆ ತಿಳಿಯಬೇಕು? ಆ ಎರಡನೆಯ ಮಗಳು ಎದುರಿಗೇ ಕುಳಿತಿದ್ದರು. ಹೊಳೆನರಸೀಪುರ ಇನ್ನೂ ಎಷ್ಟು ದೂರವಿತ್ತು, ಯಾವ ಹುಣಸೆಮರದ ನೆರಳಿನಲ್ಲಿ ಮಗುವಿಗೆ ಹಾಲು ಕೊಟ್ಟರು, ಎಲ್ಲವನ್ನೂ ಹೇಳಿದರು. ಮಗುವಿನ ಜಾತಕದಿಂದ ವರ್ಷ ತಿಂಗಳುಗಳೂ ದೊರೆತವು. ಹೀಗೆ ಏಳು ಕಲ್ಲುಗಳಿಗೆ ಊರು ಸಿಕ್ಕಿತು. ಮಿಕ್ಕವುಗಳ ಚೀಟಿಯಲ್ಲಿ “ಸ್ಥಳ ತಿಳಿಯದು” ಎಂದು ಬರೆದಿಟ್ಟಿದ್ದೇವೆ. ಅವುಗಳಲ್ಲಿ ಒಂದು ಅತಿ ಸೊಗಸಾದ ಸ್ಟಾರೊಲೈಟ್ ಹರಳು. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ದೊಡ್ಡವರ ಸಂಗ್ರಹಗಳಿಗೂ ಈ ನ್ಯಾಯವೇ. ರಾಬರ್ಟ್ ಬ್ರೂಸ್ ಫೂಟರು 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಕಂಡುಹಿಡಿದವರು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಭೂಗರ್ಭಶಾಸ್ತ್ರದ ಇಲಾಖೆಯು ಹುಟ್ಟಿದಾಗ ಅದರ ಆರಂಭದ ಕೆಲಸದಲ್ಲಿಯೂ ಇದ್ದವರು. ಅವರು ಬಾಳೆಲ್ಲ ಕೂಡಿಸಿದ ಶಿಲಾಯುಧಗಳನ್ನು 1904ರಲ್ಲಿ ಮದರಾಸು ಸರ್ಕಾರವು ಕೊಂಡು ವಸ್ತುಪ್ರದರ್ಶನಾಲಯದಲ್ಲಿ ಇರಿಸಿತು. ಅವರು 1912ರಲ್ಲಿ ಕಾಲವಾದರು. ಅವುಗಳ ಪಟ್ಟಿಯು 1914ರಲ್ಲಿ ಅಚ್ಚಾಯಿತು. ವಸ್ತುವಿಗೊಂದು ಸ್ಥಳವನ್ನು ಅವರು ಗುರುತಿಸಿ ಇಟ್ಟಿದ್ದುದರಿಂದಲೇ ವಿದ್ವಾಂಸರು ಆ ಪಟ್ಟಿಯನ್ನು ಹಿಡಿದು ಆ ಊರುಗಳಿಗೆ ಮತ್ತೆ ಹೋಗಲು ಸಾಧ್ಯವಾಯಿತು.

ಊರುಗಳಿಗೆ ಮತ್ತೆ ಹೋಗುವುದು ಎಲ್ಲ ಕಡೆಯೂ ಸಾಧ್ಯವಿಲ್ಲ. ಗೊರೂರಿನಲ್ಲಿ ಹೇಮಾವತಿಗೆ 1979ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹಿಂದಣ ನೀರಿನಲ್ಲಿ ಹೊಲ, ಹಳ್ಳ, ಬಂಡೆಗಳೆಲ್ಲ ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಬೇಸಿಗೆಯಲ್ಲಿ ನೀರು ಇಳಿದಾಗ ಪೂರ್ತಿಯಾಗಿ ಮೇಲೆ ನಿಲ್ಲುತ್ತವೆ, ಮಳೆಗಾಲದಲ್ಲಿ ಮತ್ತೆ ಮುಳುಗುತ್ತವೆ. ಅದನ್ನು ನೋಡಲು ಜನರು ಹೋಗುತ್ತಾರೆ. ಬಂಡೆಗಳನ್ನು ನೋಡಲು ಹೋಗುವವರಿಲ್ಲ. ಅಂಥ ಜಾಗದ ಒಂದು ಚೂರು ಯಾರದಾದರೂ ಅಟ್ಟದ ಮೇಲೆ ಚೀಟಿಯ ಸಹಿತ ಇದ್ದರೆ, ಅದೇ ಆ ಜಾಗಕ್ಕೆ ಉಳಿದ ಸಾಕ್ಷಿ.

ಮನೆಯವರನ್ನು ಈ ಕೆಲಸದಲ್ಲಿ ಸೇರಿಸಿಕೊಳ್ಳುವುದಕ್ಕೆ ಮತ್ತೊಂದು ಕಾರಣವುಂಟು. ಕಲ್ಲಿನ ತಿಳಿವಳಿಕೆ ಅವರಲ್ಲಿ ಮೊದಲಿನಿಂದಲೂ ಇದೆ. ಮಸಾಲೆಗೆ ಹಾಕುವ ಕಲ್ಲುಹೂವು ಹೂವಲ್ಲ, ಬಂಡೆಯ ಮೇಲೂ ಮರದ ತೊಗಟೆಯ ಮೇಲೂ ಬೆಳೆಯುವ ಪಾಚಿಯೂ ಬೂಷ್ಟೂ ಕೂಡಿ ಬಾಳುವ ಒಂದು ಜೀವ. ಅದನ್ನು ಮೂಗಿನಿಂದ ಗುರುತಿಸುವವರು ನಮ್ಮ ತಾಯಂದಿರು. ಯಾವ ಕಲ್ಲಿನ ಒರಳು ಹಿಟ್ಟಿನಲ್ಲಿ ಮಳಲು ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾಗೆಬಂಗಾರವೆಂದು ಹುಡುಗರು ಜೇಬಿಗೆ ತುಂಬಿಕೊಳ್ಳುವ ಅಭ್ರಕವನ್ನು ಬೆಣಚುಕಲ್ಲಿನಿಂದ ಬೇರ್ಪಡಿಸುವುದು ಐದು ವರ್ಷದ ಮಗುವಿಗೂ ಬರುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಹೊಳೆನರಸೀಪುರದ ಸುತ್ತ ಕಲ್ನಾರು ದೊರೆಯುತ್ತದೆ. ರೇಷ್ಮೆಯ ಎಳೆಯಂತೆ ಬಿಡಿಸಿಕೊಳ್ಳುವ ಕಲ್ಲು, ನೋಡಲು ಬಹು ಚೆಂದ. ಅದರ ಎಳೆಗಳ ಧೂಳು ಉಸಿರಿನೊಡನೆ ಒಳಗೆ ಹೋದರೆ ಎಷ್ಟೋ ವರ್ಷಗಳ ಮೇಲೆ ಶ್ವಾಸಕೋಶಕ್ಕೆ ಮಾರಕವಾದ ರೋಗಗಳು ಬರುತ್ತವೆ. ಮಕ್ಕಳಿರುವ ಮನೆಗೆ ಅದನ್ನು ತರತಕ್ಕದ್ದಲ್ಲ, ಪೊಟ್ಟಣದಲ್ಲಿ ಕಳುಹಿಸತಕ್ಕದ್ದಲ್ಲ. ಇದ್ದಲ್ಲಿಯೇ ನೋಡಿ ಬರೆದುಕೊಂಡು ಬಂದರೆ ಸಾಕು. ಹಾಗೆಯೇ ದೇವಾಲಯದ ಉದುರಿದ ಚೂರು, ಶಾಸನದ ಅಂಚು, ಶ್ರವಣಬೆಳಗೊಳದ ಬೆಟ್ಟಗಳ ಬಂಡೆ ಇವುಗಳಿಗೆ ಕೈ ಹಾಕುವವರನ್ನು ನಾವು ಬಳಗಕ್ಕೆ ಸೇರಿಸುವುದಿಲ್ಲ. ಕಾನೂನೂ ಒಪ್ಪುವುದಿಲ್ಲ, ಅದು ಬೇರೆಯ ಮಾತು.

ಕಲ್ಲು ಕೂಡಿಸುವವರು ತಮ್ಮ ಕಾಲಾನಂತರ ಅವು ಯಾರ ಕೈಗೆ ಹೋಗಬೇಕೆಂಬುದನ್ನು ಬದುಕಿರುವಾಗಲೇ ಮನೆಯಲ್ಲಿ ಹೇಳಿಟ್ಟಿರುವುದು ಒಳ್ಳೆಯದು. ಭೂಗರ್ಭಶಾಸ್ತ್ರವನ್ನು ಬೋಧಿಸುವ ಕಾಲೇಜುಗಳಲ್ಲಿ ವಿಚಾರಿಸಬಹುದು. ಆದರೆ ಚೀಟಿಯಿಲ್ಲದ ಕಲ್ಲನ್ನು ಅವರು ತೆಗೆದುಕೊಂಡರೂ ಮೂಲೆಗೆ ಇಡುವರು. ಅರಕಲಗೂಡಿನ ಉಪಾಧ್ಯಾಯರ ಟ್ರಂಕುಗಳು ಈಗ ಅವರ ಸೊಸೆಯ ಕೋಣೆಯಲ್ಲಿವೆ. ಎರಡನೆಯ ಮಗಳ ಆ ಮಗು ಈಗ ಪ್ರೌಢಶಾಲೆಗೆ ಹೋಗುವ ಹುಡುಗಿ. ಕಳೆದ ಮುಂಗಾರಿನಲ್ಲಿ ಅವಳಿಂದ ಒಂದು ಪೊಟ್ಟಣ ಬಂದಿತು. ಒಳಗೆ ಒಂದು ನವಿಲುಗರಿಯ ತುಂಡು, ಗಾರ್ನೆಟ್ ಕಾಳುಗಳಿರುವ ಪದರುಗಲ್ಲಿನ ಒಂದು ಚೂರು, ಮತ್ತು ಅಜ್ಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತೆಂಬ ಸುದ್ದಿ ಇದ್ದವು. ಚೀಟಿಯಲ್ಲಿ ಗ್ರಾಮದ ಹೆಸರಿತ್ತು, ಕೋಡಿಯಿಂದ ಹೆಜ್ಜೆಯ ಲೆಕ್ಕವಿತ್ತು. ತಾರೀಖು ಮಾತ್ರ ಇರಲಿಲ್ಲ. ಅಜ್ಜಿಯ ಕಣ್ಣಿನ ಕಟ್ಟು ಬಿಚ್ಚಿದ್ದು ಎಂದು ಎಂದು ಕೇಳಿ ಬರೆದಿದ್ದೇವೆ; ಉತ್ತರ ಇನ್ನೂ ಬರಬೇಕು.