ಗೀರು ಹೋಗುವುದೆಂದರೆ ಗಾಜು ಸವೆಯುವುದು

ಕಾರಿನ ಮುಂದಿನ ಗಾಜಿನ ಮೇಲೆ ಕಮಾನಿನಂತೆ ಬಾಗಿದ ಗೀರು ಕಂಡರೆ ಅದು ವೈಪರಿನ ಕೆಲಸ: ರಬ್ಬರ್ ಸವೆದು ಲೋಹ ತಗುಲಿರಬೇಕು, ಇಲ್ಲವೇ ಒಣಧೂಳಿನ ಮೇಲೆಯೇ ವೈಪರ್ ಓಡಿಸಿರಬೇಕು. ಬಾಗಿಲ ಗಾಜಿನಲ್ಲಿ ಮೇಲಿಂದ ಕೆಳಗೆ ಉದ್ದುದ್ದ ಗೆರೆಗಳಿದ್ದರೆ ಅಂಚಿನ ರಬ್ಬರ್ ಪಟ್ಟಿಯಲ್ಲಿ ಮರಳು ಸಿಕ್ಕಿಕೊಂಡಿದೆ. ಮೊದಲು ಅದನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು. ಮೋಸ್ ಗಡಸುತನದ ಅಳತೆಯಲ್ಲಿ ಗಾಜು ಸುಮಾರು 5.5, ಮರಳಿನಲ್ಲಿರುವ ಬೆಣಚುಕಲ್ಲು 7. ಗ್ರಾನೈಟ್ ಸವೆದು ಮಣ್ಣಾದ ನಮ್ಮ ನಾಡಿನ ರಸ್ತೆಧೂಳಿನಲ್ಲಿ ಬೆಣಚಿಗೇನು ಬರವೇ?

ಗೀರೆಂದು ತೋರುವುದೆಲ್ಲ ಗೀರಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಕಾರು ತೊಳೆದು ಬಿಸಿಲಿಗೆ ಬಿಟ್ಟರೆ ಸುಣ್ಣದ ಕಲೆ ಕೂತುಬಿಡುತ್ತದೆ. ವಿನೆಗರ್ ಹಚ್ಚಿ ಒರೆಸಿದರೆ ಅದು ಬಿಡುತ್ತದೆ. ಟೂತ್‌ಪೇಸ್ಟ್ ಉಜ್ಜಿ ಗೀರು ತೆಗೆದೆವೆನ್ನುವವರು ಬಹುಶಃ ಇಂಥ ಕಲೆಯನ್ನೇ ತೆಗೆದಿರುತ್ತಾರೆ. ಎಷ್ಟೋ ಪೇಸ್ಟುಗಳಲ್ಲಿರುವ ಸೀಮೆಸುಣ್ಣದ ಗಡಸುತನ ಸುಮಾರು 3. ಗಾಜನ್ನು ಸವೆಸುವುದು ಅದರಿಂದಾಗದು.

ನಿಜವಾದ ಗೀರನ್ನು ತುಂಬಿ ಮುಚ್ಚುವುದಿಲ್ಲ. ಸುತ್ತಲಿನ ಗಾಜನ್ನು ಗೀರಿನ ತಳದ ಮಟ್ಟಕ್ಕೆ ಸವೆಸುತ್ತಾರೆ, ಅಷ್ಟೆ. ಹಾಗಾಗಿ ಮೊದಲು ಆಳ ನೋಡಬೇಕು. ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆಯಿರಿ. ಸಲೀಸಾಗಿ ಜಾರಿದರೆ ಸೀರಿಯಂ ಆಕ್ಸೈಡ್ ಪುಡಿ ಸಾಕು. ಕನ್ನಡಕ, ಕ್ಯಾಮೆರಾಗಳ ಗಾಜಿನ ಮಸೂರಕ್ಕೆ ಹೊಳಪು ಕೊಡಲು ಬಳಸುವುದೂ ಇದನ್ನೇ. ಇದು ಬರೀ ಉಜ್ಜುವುದಿಲ್ಲ. ನೀರಿನ ಜೊತೆ ಸೇರಿ ಗಾಜಿನ ಮೇಲ್ಮೈಯನ್ನು ರಾಸಾಯನಿಕವಾಗಿ ಹಿಡಿದು ಕಿತ್ತುಕೊಳ್ಳುತ್ತದೆ. ಆದ್ದರಿಂದ ನೀರಿಲ್ಲದೆ ಕೆಲಸವಿಲ್ಲ.

ಗಾಜನ್ನು ತೊಳೆದು, ಗೀರಿರುವ ಜಾಗವನ್ನು ಒಳಗಡೆಯಿಂದ ಮಾರ್ಕರಿನಲ್ಲಿ ಗುರುತು ಮಾಡಿ, ಸುತ್ತಲಿನ ರಬ್ಬರು, ಬಣ್ಣಗಳಿಗೆ ಟೇಪು ಅಂಟಿಸಿ. ಪುಡಿಯನ್ನು ನೀರಿನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಪಾಲಿಶ್ ಯಂತ್ರದ ಉಣ್ಣೆಯ ಫೆಲ್ಟ್ ಪ್ಯಾಡಿಗೆ ಹಚ್ಚಿ, ಯಂತ್ರವನ್ನು ನಿಧಾನ ವೇಗದಲ್ಲಿ ಓಡಿಸಿ. ಗೀರಿನ ಮೇಲಷ್ಟೇ ಒತ್ತಿ ಹಿಡಿದರೆ ಅಲ್ಲೊಂದು ಗುಳಿ ಬೀಳುತ್ತದೆ. ಸುತ್ತಲೂ ಅಗಲವಾಗಿ ಆಡಿಸಬೇಕು. ಹಚ್ಚಿದ ಮಿಶ್ರಣ ಒಣಗುವ ಮೊದಲೇ ನೀರು ಚಿಮುಕಿಸುತ್ತಿರಿ. ಆಗಾಗ ನಿಲ್ಲಿಸಿ ಅಂಗೈಯಿಂದ ಮುಟ್ಟಿ ನೋಡಿ. ಒಂದೇ ಕಡೆ ಕಾದ ಗಾಜು ಬಿರುಕು ಬಿಡಬಹುದು. ಉರಿಬಿಸಿಲಿನಲ್ಲಂತೂ ಈ ಕೆಲಸಕ್ಕೆ ಕೈಹಾಕಬಾರದು. ಹಿಂದಿನ ಗಾಜಿನ ಒಳಮೈಯಲ್ಲಿ ಮಂಜು ಕರಗಿಸುವ ತಂತಿಗೆರೆಗಳಿದ್ದರೆ ಆ ಕಡೆ ಮುಟ್ಟಲೇಬೇಡಿ. ಕಪ್ಪು ಫಿಲ್ಮನ್ನು ಬ್ಲೇಡಿನಿಂದ ಕೆರೆಯುವವರು ಹಾಳುಮಾಡುವುದೂ ಇದೇ ಗೆರೆಗಳನ್ನು.

ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಲೆಕ್ಕವೇ ಬೇರೆ. ಅಷ್ಟನ್ನೂ ಸವೆಸಲು ಮೊದಲು ಒರಟಾದ ಉಜ್ಜುಕಾಗದ ಹಿಡಿಯಬೇಕಾಗುತ್ತದೆ. ಗೀರೇನೋ ಹೋಗುತ್ತದೆ, ಅದರ ಜಾಗದಲ್ಲಿ ಗಾಜು ಅಲೆಅಲೆಯಾಗುತ್ತದೆ. ಆ ಅಲೆ ಚಾಲಕನ ಕಣ್ಣೆದುರಿಗೇ ಬಂದರೆ ಎದುರಿನ ರಸ್ತೆ ವಕ್ರವಾಗಿ ಕಾಣುತ್ತದೆ, ಎದುರಿನಿಂದ ಬರುವ ಲಾರಿಯ ಹೆಡ್‌ಲೈಟು ಕಣ್ಣಿಗೆ ರಾಚುತ್ತದೆ. ಅಂಥ ಗೀರನ್ನು ಉಜ್ಜುವ ಸಾಹಸ ಬೇಡವೆಂದೇ ನನ್ನ ಅಭಿಪ್ರಾಯ. ಬಾಗಿಲ ಗಾಜು ಸಾಮಾನ್ಯವಾಗಿ ಕಾಯಿಸಿ ತಟ್ಟನೆ ತಣಿಸಿದ ಗಟ್ಟಿಗಾಜು. ಅದರ ಬಲವೆಲ್ಲ ಬಿಗಿದುಕೊಂಡ ಮೇಲ್ಪದರದಲ್ಲಿದೆ. ಆ ಪದರವನ್ನು ಆಳವಾಗಿ ಕೊರೆದು ಚೆನ್ನಾಗಿ ಕಾಣಿಸುವುದಕ್ಕಿಂತ ಗಾಜು ಬದಲಿಸುವುದೇ ಮೇಲು.

ಕಾರಿನ ಮುಂದಿನ ಗಾಜು, ನಡುವೆ ಪ್ಲಾಸ್ಟಿಕ್ ಹಾಳೆಯಿಟ್ಟು ಬೆಸೆದ ಎರಡು ಗಾಜುಗಳ ಜೋಡಿ. ಅದನ್ನು ಬದಲಿಸಿದರೆ ಅಂಟು ಗಟ್ಟಿಯಾಗಲು ಅಂಗಡಿಯವರು ಹೇಳಿದಷ್ಟು ಹೊತ್ತು ಕಾರನ್ನು ರಸ್ತೆಗಿಳಿಸಬೇಡಿ. ಕಾರು ಮಗುಚಿದಾಗ ಚಾವಣಿಗೆ ಆಸರೆ ಕೊಡುವುದರಲ್ಲಿ ಆ ಗಾಜಿನದೂ ಪಾಲಿದೆ. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಆತುಕೊಳ್ಳುವುದೂ ಅದಕ್ಕೇ.