ಕಾರು ತೊಳೆಯುವಾಗ ಗೀರು ಬೀಳುವುದೇಕೆ? ಕನಕಪುರದ ಧೂಳು ಕಲಿಸಿದ ಪಾಠ

ಎರಡು ವರ್ಷಗಳ ಹಿಂದಿನ ಮಾತು. ಬೇಸಿಗೆಯಲ್ಲಿ ಕನಕಪುರದ ಕಡೆ ಸೇವೆಯಲ್ಲಿದ್ದ ಸ್ನೇಹಿತ ಗುರುಗಳೊಬ್ಬರನ್ನು ಕಾಣಲು ಹೋಗಿದ್ದೆ. ರಾತ್ರಿ ತಲುಪುವಾಗ ನನ್ನ ಕಪ್ಪು ಬಣ್ಣದ ಕಾರು ಬೂದಿ ಬಳಿದಂತೆ ಧೂಳು ಹಿಡಿದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕಾರು ಫಳಫಳ ಹೊಳೆಯುತ್ತಿದೆ. ಅಲ್ಲಿ ಕೈಕೆಲಸಕ್ಕೆ ಬರುವ ಹುಡುಗ ಯಾರೂ ಹೇಳದೆಯೇ ಬೇಗನೆ ಬಂದು ಒಣ ಬಟ್ಟೆಯಿಂದ ಇಡೀ ಕಾರನ್ನು ಉಜ್ಜಿ ಒರೆಸಿಟ್ಟಿದ್ದ. ಬಿಸಿಲು ಏರಿದ ಮೇಲೆ ಬಾನೆಟ್ ಕಡೆ ನೋಡಿದೆ. ಜೇಡರ ಬಲೆಯಂತೆ ಸಾವಿರಾರು ಸಣ್ಣ ಗೀರುಗಳು! ನನ್ನ ಬಾಯಿಂದ ಒಂದು ಕಟುವಾದ ಮಾತು ಬಂದೇಬಿಟ್ಟಿತು. ಹುಡುಗ ತಲೆ ತಗ್ಗಿಸಿ ನಿಂತ.

ಅಂದೇ ಮಧ್ಯಾಹ್ನ ಪೇಟೆಯ ಗ್ಯಾರೇಜೊಂದರಲ್ಲಿ ಬಣ್ಣದ ಕೆಲಸ ಮಾಡುವ ಹಿರಿಯರೊಬ್ಬರಿಗೆ ಕಾರು ತೋರಿಸಿದೆ. ಅವರು ಬೆರಳಾಡಿಸಿ ನೋಡಿ, "ಇದು ಬಟ್ಟೆ ಕೆಲಸ ಅಲ್ಲ ಫಾದರ್, ಕಲ್ಲಿನ ಕೆಲಸ" ಎಂದರು. ಆ ಒಂದು ಮಾತು ಅರ್ಥವಾದರೆ ಕಾರು ತೊಳೆಯುವ ವಿದ್ಯೆಯ ಮುಕ್ಕಾಲು ಭಾಗ ಅರ್ಥವಾದಂತೆ. ನಮ್ಮ ಧರ್ಮಕೇಂದ್ರಗಳಲ್ಲಿ, ಕಾನ್ವೆಂಟುಗಳಲ್ಲಿ, ಮನೆಗಳಲ್ಲಿ ದಿನವೂ ವಾಹನ ಒರೆಸುವವರಿದ್ದಾರೆ. ಅವರಿಗಾಗಿ, ಹಾಗೂ ಅವರಿಗೆ ಆ ಕೆಲಸ ಹೇಳುವ ನಮಗಾಗಿ ಈ ಲೇಖನ.

ಧೂಳಿನಲ್ಲಿ ಇರುವುದೇನು?

ಕನಕಪುರ, ರಾಮನಗರ, ಮಾಗಡಿ ಸೀಮೆ ಹೆಬ್ಬಂಡೆಗಳ ನಾಡು. 'ಶೋಲೆ' ಚಿತ್ರದಲ್ಲಿ ಕಂಡ ರಾಮನಗರದ ಬೆಟ್ಟಗಳು ಎಲ್ಲರಿಗೂ ಗೊತ್ತು. ಈ ಶಿಲೆಗೆ ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಹೆಸರಿಟ್ಟಿದ್ದಾರೆ. ಬ್ರಿಟಿಷರ ಕಾಲದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಸರ್ ಬ್ಯಾರಿ ಕ್ಲೋಸ್ ಅವರಿಂದಾಗಿ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಗ್ರಾನೈಟ್ ಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹಬ್ಬಿದೆ.

ಗ್ರಾನೈಟಿನಲ್ಲಿ ಮುಖ್ಯವಾಗಿ ಇರುವುದು ಸ್ಫಟಿಕಶಿಲೆ ಎನ್ನುವ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್. ಖನಿಜಗಳ ಗಡಸುತನವನ್ನು 1ರಿಂದ 10ರವರೆಗಿನ ಮೋಸ್ ಮಾನದಲ್ಲಿ ಅಳೆಯುತ್ತಾರೆ. ಅದರಲ್ಲಿ ವಜ್ರ 10, ಕ್ವಾರ್ಟ್ಸ್ 7, ಫೆಲ್ಡ್‌ಸ್ಪಾರ್ 6. ಕಿಟಕಿಯ ಗಾಜು ಸುಮಾರು 5.5. ಅಂದರೆ ಇಲ್ಲಿನ ಧೂಳಿನ ಕಣ ಗಾಜನ್ನೇ ಗೀರಬಲ್ಲದು. ಕಾರಿನ ಬಣ್ಣವೋ ಗಾಜಿಗಿಂತ ಎಷ್ಟೋ ಮೃದು. ಕಲ್ಲುಗಣಿಯ ಪುಡಿ, ರಸ್ತೆ ಕಾಮಗಾರಿಯ ಜಲ್ಲಿಪುಡಿ, ಸುಗ್ಗಿಯಲ್ಲಿ ರಸ್ತೆಯ ಮೇಲೇ ನಡೆಯುವ ರಾಗಿ, ಹುರುಳಿ ಒಕ್ಕಣೆಯ ಹೊಟ್ಟು ಎಲ್ಲವೂ ಬಂದು ಕೂರುವುದು ಈ ಮೃದುವಾದ ಬಣ್ಣದ ಮೇಲೆ. ಒಣ ಬಟ್ಟೆ ಹಾಕಿ ಒತ್ತಿ ಉಜ್ಜಿದರೆ ಬಟ್ಟೆಯೇ ಉಪ್ಪುಕಾಗದವಾಗುತ್ತದೆ.

ಕರಾವಳಿಯ ನಾವು ಇದರಿಂದ ಪಾರಾದೆವು ಎಂದುಕೊಳ್ಳುವ ಹಾಗಿಲ್ಲ. ಮಲ್ಪೆಯದ್ದಾಗಲಿ ಪಣಂಬೂರಿನದ್ದಾಗಲಿ, ಕಡಲತೀರದ ಮರಳಿನಲ್ಲಿಯೂ ಕ್ವಾರ್ಟ್ಸ್ ಕಣಗಳಿವೆ. ಜೊತೆಗೆ ನಮ್ಮಲ್ಲಿ ಉಪ್ಪುಗಾಳಿಯೂ ಇದೆ.

ಬಣ್ಣದ ದಪ್ಪ ಎಷ್ಟು?

ಕಾರಿನ ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಕಾರಿಗೆ ಹೊಳಪು ಕೊಡುವುದು ಈ ಕೊನೆಯ ಪದರ. ಸಾಮಾನ್ಯವಾಗಿ ಇದರ ದಪ್ಪ 40ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಒಂದು ಕೂದಲೆಳೆಗಿಂತ ತೆಳುವಾದ ಈ ಪದರವನ್ನು ಹತ್ತು ಹದಿನೈದು ವರ್ಷ ಕಾಪಾಡಿಕೊಳ್ಳಬೇಕು.

ಆ ಗೀರುಗಳು ವೃತ್ತಾಕಾರವಾಗಿ ಕಾಣುವುದೇಕೆ ಎಂದು ಹಲವರು ಕೇಳುತ್ತಾರೆ. ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಇರುತ್ತವೆ. ಸೂರ್ಯನ ಪ್ರತಿಬಿಂಬಕ್ಕೆ ಅಡ್ಡವಾಗಿರುವ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುವುದರಿಂದ ಪ್ರತಿಬಿಂಬದ ಸುತ್ತ ಬಲೆ ನೇಯ್ದಂತೆ ಕಾಣುತ್ತದೆ. ಕಪ್ಪು, ಕಡುನೀಲಿ ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ. ಬಿಳಿ ಕಾರಿನಲ್ಲಿ ಇದ್ದರೂ ಕಾಣುವುದಿಲ್ಲ, ಅಷ್ಟೇ.

ಬೇಕಾಗುವ ಸಾಮಾನು

ಎರಡು ಬಕೆಟ್, ಗಿಡಗಳಿಗೆ ನೀರು ಹಾಕುವ ಶವರ್ ಕ್ಯಾನ್, ಕಾರಿನ ಶಾಂಪೂ, ಮೈಕ್ರೋಫೈಬರ್‌ನ ಒಂದು ತೊಳೆಯುವ ಕೈಗವಸು, ಒರೆಸಲು ಎರಡು ದೊಡ್ಡ ಮೈಕ್ರೋಫೈಬರ್ ಬಟ್ಟೆ, ಚಕ್ರಗಳಿಗೆ ಬೇರೆಯದೇ ಒಂದು ಹಳೆಯ ಬಟ್ಟೆ. ಇಷ್ಟು ಸಾಕು.

ಬೇಡವಾದವುಗಳೂ ಇವೆ. ಬಟ್ಟೆ ಒಗೆಯುವ ಪುಡಿ ಮತ್ತು ಪಾತ್ರೆ ತೊಳೆಯುವ ದ್ರವ ಜಿಡ್ಡಿನ ಜೊತೆಗೆ ರಕ್ಷಣೆಯ ವ್ಯಾಕ್ಸನ್ನೂ ತೆಗೆದುಹಾಕುತ್ತವೆ. ಹಳೆಯ ಬನಿಯನ್, ಅಂಗಿಗಳ ಹೊಲಿಗೆ ಮತ್ತು ಗುಂಡಿ ಗೀರುತ್ತವೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒರೆಸಿದರೆ ಒಂದು ದಿನ ಹೊಳೆಯುತ್ತದೆ, ಮರುದಿನ ಆ ಜಿಡ್ಡಿಗೇ ಧೂಳು ಅಂಟಿಕೊಳ್ಳುತ್ತದೆ. ಬಾಗಿಲಿನ ರಬ್ಬರ್ ಕೂಡ ಹಾಳಾಗುತ್ತದೆ.

ತೊಳೆಯುವ ಕ್ರಮ

ಕಾರನ್ನು ನೆರಳಿಗೆ ತಂದು ನಿಲ್ಲಿಸಿ. ಬಾನೆಟ್ ಕೈಗೆ ತಣ್ಣಗಾಗುವವರೆಗೆ ಕಾಯಿರಿ. ಬಿಸಿ ತಗಡಿನ ಮೇಲೆ ಶಾಂಪೂ ಕ್ಷಣದಲ್ಲಿ ಒಣಗಿ ಕಲೆಯಾಗುತ್ತದೆ.

ಮೊದಲು ನೀರು ಮಾತ್ರ. ಕ್ಯಾನಿನಿಂದ ಮೇಲ್ಛಾವಣಿಯಿಂದ ಆರಂಭಿಸಿ ಕೆಳಕ್ಕೆ ನಿಧಾನವಾಗಿ ಸುರಿಯಿರಿ. ಎರಡು ಮೂರು ನಿಮಿಷ ನೆನೆಯಲು ಬಿಟ್ಟು ಮತ್ತೊಮ್ಮೆ ಸುರಿಯಿರಿ. ಈ ಹಂತದಲ್ಲಿ ಕೈಯಾಗಲಿ ಬಟ್ಟೆಯಾಗಲಿ ಕಾರಿಗೆ ತಾಗಬಾರದು. ದಪ್ಪ ಕಣಗಳೆಲ್ಲ ಹೋಗಬೇಕಾದದ್ದು ಇಲ್ಲಿಯೇ.

ನಂತರ ಒಂದು ಬಕೆಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು ಇಟ್ಟುಕೊಳ್ಳಿ. ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗವನ್ನು ಒತ್ತದೆ, ನೇರ ಗೆರೆಯಲ್ಲಿ ತೊಳೆಯಿರಿ. ಸುತ್ತು ಸುತ್ತಾಗಿ ಉಜ್ಜುವುದು ಬೇಡ. ಒಂದು ಭಾಗ ಮುಗಿದ ಕೂಡಲೇ ಕೈಗವಸನ್ನು ಬರೀ ನೀರಿನ ಬಕೆಟಿನಲ್ಲಿ ಜಾಲಾಡಿ ಹಿಂಡಿ, ಆಮೇಲೆ ಮತ್ತೆ ಶಾಂಪೂವಿಗೆ ಹೋಗಿ. ಎರಡು ಬಕೆಟಿನ ಗುಟ್ಟು ಇದೇ: ತೆಗೆದ ಕಲ್ಲುಪುಡಿ ಶಾಂಪೂ ನೀರಿಗೆ ಸೇರಿ ತಿರುಗಿ ಕಾರಿಗೆ ಬರಬಾರದು.

ಮೊದಲು ಮೇಲ್ಛಾವಣಿ, ಆಮೇಲೆ ಗಾಜು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲಿನ ಅರ್ಧ. ಹೆಚ್ಚು ಕೆಸರಿರುವ ಬಾಗಿಲಿನ ಕೆಳಭಾಗ ಮತ್ತು ಬಂಪರ್ ಕೊನೆಗೆ. ಚಕ್ರಗಳಲ್ಲಿ ಬ್ರೇಕಿನ ಲೋಹದ ಪುಡಿ ಇರುವುದರಿಂದ ಅದಕ್ಕೆ ಮೀಸಲಾದ ಬಟ್ಟೆಯನ್ನೇ ಬಳಸಿ. ಆ ಬಟ್ಟೆ ಎಂದೂ ಬಾನೆಟ್ ಮೇಲೆ ಬರಬಾರದು. ಯಾವುದೇ ಬಟ್ಟೆ ಕೈತಪ್ಪಿ ನೆಲಕ್ಕೆ ಬಿದ್ದರೆ ಅಂದಿಗೆ ಅದರ ಕೆಲಸ ಮುಗಿಯಿತು. ಒಗೆಯದೆ ಮತ್ತೆ ಬಳಸಬೇಡಿ.

ಕೊನೆಗೆ ಶುದ್ಧ ನೀರು ಸುರಿದು ಶಾಂಪೂ ಪೂರ್ತಿ ಹೋಗುವಂತೆ ಮಾಡಿ, ಕೂಡಲೇ ಒರೆಸಿ. ಮೈಕ್ರೋಫೈಬರ್ ಬಟ್ಟೆಯನ್ನು ಹರಡಿ, ಮೆಲ್ಲನೆ ಎಳೆದರೆ ಅದೇ ನೀರು ಹೀರುತ್ತದೆ. ಕರಾವಳಿಯಲ್ಲಿ ಇರುವವರು ಕಾರಿನ ಅಡಿಭಾಗಕ್ಕೂ ನೀರು ಹಾಯಿಸಿ ಉಪ್ಪನ್ನು ತೊಳೆಯಬೇಕು.

ಗಡಸು ನೀರು, ಹಕ್ಕಿ ಹಿಕ್ಕೆ

ನಮ್ಮ ಕರಾವಳಿಯ ಬಾವಿ ನೀರಿನಲ್ಲಿ ಸಾಬೂನು ಬೇಗ ನೊರೆ ಬಿಡುತ್ತದೆ. ಬಯಲುಸೀಮೆಯ ಕೊಳವೆಬಾವಿ ನೀರು ಹಾಗಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಹನಿ ತಾನಾಗಿ ಒಣಗಲು ಬಿಟ್ಟರೆ ನೀರು ಆವಿಯಾಗಿ ಬಿಳಿ ಉಂಗುರ ಉಳಿಯುತ್ತದೆ. ಹೊಸ ಕಲೆಯಾದರೆ ಬಿಳಿ ವಿನೆಗರಿಗೆ ಸಮಪಾಲು ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಮೆಲ್ಲಗೆ ಒರೆಸಿ, ತಕ್ಷಣ ಚೆನ್ನಾಗಿ ತೊಳೆಯಿರಿ. ಮಳೆನೀರು ಸಂಗ್ರಹಿಸುವ ವ್ಯವಸ್ಥೆ ಇದ್ದರೆ ಕೊನೆಯ ಸುತ್ತಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಹಕ್ಕಿ ಹಿಕ್ಕೆಯನ್ನು ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಇಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಬಿಸಿಲಲ್ಲಿ ಹಲವು ದಿನ ಬಿಟ್ಟರೆ ಅದು ಕ್ಲಿಯರ್ ಕೋಟಿನಲ್ಲಿ ಅಚ್ಚೊತ್ತಿಬಿಡುತ್ತದೆ.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಪಾಲಿಶ್‌ನಲ್ಲಿ ಅತಿ ಸಣ್ಣ ಉಜ್ಜುವ ಕಣಗಳಿರುತ್ತವೆ. ಅದು ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ತೆಳುವಾಗಿ ತೇಯ್ದು ಮಟ್ಟ ಮಾಡುತ್ತದೆ. ಅಂದರೆ ಪ್ರತಿ ಪಾಲಿಶಿಗೂ ನಮ್ಮ 40-50 ಮೈಕ್ರಾನಿನ ಗಂಟಿನಿಂದ ಸ್ವಲ್ಪ ಖರ್ಚಾಗುತ್ತದೆ. ಆದುದರಿಂದ ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಪಾಲಿಶ್ ಮಾಡಿಸುವ ಅಭ್ಯಾಸ ಒಳ್ಳೆಯದಲ್ಲ. ಅಂಗಡಿಯಲ್ಲಿ ಸಿಗುವ ಒರಟು ರಬ್ಬಿಂಗ್ ಕಾಂಪೌಂಡ್ ಮನೆಯಲ್ಲಿ ಬೇಡವೇ ಬೇಡ.

ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಮೇಲೊಂದು ರಕ್ಷಣೆಯ ಪದರ ಕೊಡುತ್ತದೆ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಗಳಿಂದ ಸಿಗುವ ಕಾರ್ನೌಬಾ ಮೇಣ ಇದಕ್ಕೆ ಹೆಸರುವಾಸಿ. ತೊಳೆದು ಪೂರ್ತಿ ಒಣಗಿದ ಕಾರಿಗೆ, ನೆರಳಿನಲ್ಲಿ, ಒಂದೊಂದು ಭಾಗಕ್ಕೆ ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಶುಚಿಯಾದ ಬಟ್ಟೆಯಿಂದ ಒರೆಸಿ. ಎರಡು ಮೂರು ತಿಂಗಳಿಗೊಮ್ಮೆ ಸಾಕು. ಬಣ್ಣಕ್ಕೆ ವ್ಯಾಕ್ಸ್ ಇದ್ದರೆ ಧೂಳು ನೀರಿಗೇ ಸುಲಭವಾಗಿ ಜಾರುತ್ತದೆ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಹಚ್ಚಬೇಡಿ, ಬಿಳಿ ಕಲೆ ಉಳಿಯುತ್ತದೆ.

ಗೀರಿನ ಆಳ ತಿಳಿಯಲು ಉಗುರನ್ನು ಅಡ್ಡಲಾಗಿ ಮೆಲ್ಲನೆ ಎಳೆಯಿರಿ. ಉಗುರು ತಡೆದು ನಿಂತರೆ ಅದು ಆಳದ ಗೀರು, ಮನೆಯ ಪಾಲಿಶಿಗೆ ಹೋಗುವುದಿಲ್ಲ. ಅನುಭವಿಗಳಿಗೆ ತೋರಿಸಿ. ಈಗ ಅನೇಕರು ಸೆರಾಮಿಕ್ ಕೋಟಿಂಗ್ ಮಾಡಿಸುತ್ತಾರೆ. ಒಳ್ಳೆಯದೇ. ಆದರೆ ಒಣ ಧೂಳನ್ನು ಉಜ್ಜಿದರೆ ಅದರ ಮೇಲೂ ಗೀರು ಬೀಳುತ್ತದೆ.

ನೀರಿನ ಲೆಕ್ಕ

ಬೆಂಗಳೂರಿಗೆ ಹೋಗುವ ಕಾವೇರಿ ನೀರು ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಕೇಂದ್ರಗಳ ಮೂಲಕ ಸುಮಾರು 100 ಕಿಲೋಮೀಟರ್ ಸಾಗಿ ಸುಮಾರು 500 ಮೀಟರ್ ಎತ್ತರಕ್ಕೆ ಏರುತ್ತದೆ. ಕನಕಪುರ ರಸ್ತೆಯಲ್ಲಿ ಓಡಾಡುವವರಿಗೆ ಆ ದೊಡ್ಡ ಕೊಳವೆಗಳು ಗೊತ್ತು. ಅಷ್ಟು ಕಷ್ಟಪಟ್ಟು ಬರುವ ನೀರು ಅದು. 2024ರ ಮಾರ್ಚ್‌ನಲ್ಲಿ ಬರ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು.

ನಿಮಿಷಕ್ಕೆ 10 ಲೀಟರ್ ಬರುವ ಪೈಪನ್ನು ಕಾಲು ಗಂಟೆ ತೆರೆದಿಟ್ಟರೆ 150 ಲೀಟರ್ ಹೋಗುತ್ತದೆ. ಮೇಲೆ ಹೇಳಿದ ಕ್ರಮದಲ್ಲಿ ಮೊದಲ ಸುತ್ತಿಗೆ 20, ಎರಡು ಬಕೆಟಿಗೆ 20, ಕೊನೆಗೆ 20, ಒಟ್ಟು 60 ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಹೀಗೆ ತೊಳೆದರೆ ಎರಡು ವಾರಕ್ಕೊಮ್ಮೆ ಸಾಕು. ದಿನವೂ ಒರೆಸಲೇಬೇಕೆಂಬ ಹಟ ಬೇಡ. ಬೆಳಿಗ್ಗೆ ಹೊರಡುವ ಮುಂಚೆ ಗಾಜು, ಕನ್ನಡಿ, ದೀಪಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಣ್ಣದ ಮೇಲಿನ ಧೂಳು ಕುಳಿತಿರಲಿ. ಸುಮ್ಮನೆ ಕುಳಿತ ಧೂಳು ಗೀರುವುದಿಲ್ಲ, ಉಜ್ಜಿದ ಧೂಳು ಗೀರುತ್ತದೆ. ಶಾಂಪೂ ನೀರು ಬಾವಿಯ ಕಡೆಗೋ ಹೊಳೆಯ ಕಡೆಗೋ ಹರಿಯದಂತೆ ನೋಡಿಕೊಳ್ಳಿ.

ಕೊನೆಯ ಮಾತು

ಮುಂದಿನ ಸಲ ಕನಕಪುರಕ್ಕೆ ಹೋದಾಗ ಆ ಹುಡುಗನನ್ನು ಕರೆದು, ಅಂದು ಸಿಡುಕಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದೆ. ಅವನು ನಕ್ಕ. ಇಬ್ಬರೂ ಸೇರಿ ಎರಡು ಬಕೆಟ್ ಇಟ್ಟುಕೊಂಡು ಕಾರು ತೊಳೆದೆವು. ಮುಗಿದ ಮೇಲೆ ಜಾಲಾಡಿದ ಬಕೆಟಿನ ನೀರು ಚೆಲ್ಲಿದರೆ ತಳದಲ್ಲಿ ಬೂದುಬಣ್ಣದ ಕಲ್ಲುಪುಡಿ ನಿಂತಿತ್ತು. ಅವನು ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, "ಇದನ್ನಾ ಫಾದರ್ ಅವತ್ತು ನಾನು ಉಜ್ಜಿದ್ದು?" ಎಂದು ಕೇಳಿದ. ಇಂದು ಅಲ್ಲಿಗೆ ಬರುವ ಬೇರೆ ವಾಹನಗಳ ಚಾಲಕರಿಗೂ ಅವನೇ ಇದನ್ನು ಹೇಳಿಕೊಡುತ್ತಾನೆ.

ನಮ್ಮ ವಾಹನ ಒರೆಸುವವರ ಕೈಗೆ ನಾವು ಕೊಡುವುದು ಸಾಮಾನ್ಯವಾಗಿ ಒಂದು ಹರಕು ಬಟ್ಟೆ. ಗೀರು ಬಿದ್ದರೆ ಕೊಡುವುದು ಬೈಗುಳ. ಅದರ ಬದಲು ಎರಡು ಬಕೆಟ್, ಒಂದು ಒಳ್ಳೆಯ ಬಟ್ಟೆ ಕೊಟ್ಟು, ಒಂದು ಬೆಳಿಗ್ಗೆ ಜೊತೆಗೆ ನಿಂತು ಕಲಿಸೋಣ. ಬಣ್ಣವೂ ಉಳಿಯುತ್ತದೆ, ನೀರೂ ಉಳಿಯುತ್ತದೆ, ಪ್ರೀತಿಯಿಂದ ಕೆಲಸ ಮಾಡಿದವರ ಮನಸ್ಸೂ ನೋಯುವುದಿಲ್ಲ. ನೆನಪಿಡಬೇಕಾದದ್ದು ಇಷ್ಟೇ: ಮೊದಲು ನೀರು, ಆಮೇಲೆ ಕೈ.