ಹೆಸರಿಗೆ ಕಾವಲು, ಕಾಯುವವರು ಯಾರು?

ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಕಡೂರು ಸೀಮೆಯ ಕಾವಲು ಅಂದರೆ ಬರೀ ಬೋಳು ಬಯಲು. ಒಂದಿಷ್ಟು ಒಣಹುಲ್ಲು, ನಾಲ್ಕು ಜಾಲಿ ಗಿಡ, ದೂರದಲ್ಲಿ ದನ. ಇಷ್ಟು ಜಾಗ ಸುಮ್ನೆ ಬಿಟ್ಟಿದಾರಲ್ಲ, ಸೈಟ್ ಮಾಡಿ ಹಂಚಬಾರದಾ ಅಂತ ಪಕ್ಕದ ಸೀಟಿನವರು ಲೊಚಗುಟ್ಟುವುದೂ ಉಂಟು.

ಹಾಗೆ ಅನ್ನುವವರಿಗೆ ಗೊತ್ತಿರಲಿ. ಇದೇ ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಸರ್ಕಾರ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಸುಮಾರು 1,800 ಎಕರೆ. ಕೃಷ್ಣಮೃಗ, ತೋಳ, ನೆಲದ ಮೇಲೇ ಗೂಡು ಮಾಡುವ ಹಕ್ಕಿಗಳಿಗೆ ಇದೇ ಮನೆ.

ಹಾಗಂತ ದನ ಇಲ್ಲಿಗೆ ಹೊರಗಿನದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ‘ಅಮೃತಮಹಲ್’ ಅಂತ ಹೆಸರಿಟ್ಟವನು ಟಿಪ್ಪು. ಆ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲೇ ಈ ಕಾವಲುಗಳು. ದನಕ್ಕೆ ಉಳಿಸಿದ ಹುಲ್ಲಿನಲ್ಲಿ ಕೃಷ್ಣಮೃಗವೂ ಉಳಿಯಿತು.

ಹದವಾಗಿ ಮೇದರೆ ಹುಲ್ಲು ಗಿಡ್ಡವಾಗಿರುತ್ತದೆ, ಪೊದೆ ಏಳುವುದಿಲ್ಲ. ಕೃಷ್ಣಮೃಗಕ್ಕೆ ಬೇಕಾದ್ದೂ ಅಂಥ ತೆರೆದ ಬಯಲೇ. ಮೇವು ಮಿತಿ ಮೀರಿದರೆ ಮಾತ್ರ ಹುಲ್ಲು ಬುಡಸಮೇತ ಹೋಗಿ ಮಣ್ಣು ಮೇಲೇಳುತ್ತದೆ. ಚಳ್ಳಕೆರೆ ತಾಲ್ಲೂಕಿನಲ್ಲಿ 2010ರ ಆಸುಪಾಸು ಸುಮಾರು 10 ಸಾವಿರ ಎಕರೆ ಕಾವಲು ರಕ್ಷಣಾ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಹೀಗೆ ಒಂದು ಕಡೆ ಕಾವಲು ಕರಗಿದರೆ ಉಳಿದ ಹುಲ್ಲಿನ ಮೇಲೆ ಅಷ್ಟೂ ಹೊರೆ ಬೀಳುತ್ತದೆ.

ಇನ್ನೊಂದು ಭಯ ರೋಗದ್ದು. 1968ರಲ್ಲಿ ಬಂಡೀಪುರದ ಕಾಟಿಗಳು ದನದ ದೊಡ್ಡರೋಗ ತಗುಲಿ ಗುಂಪುಗುಂಪಾಗಿ ಸತ್ತವು. ಆ ರೋಗ ಈಗ ಭೂಮಿಯ ಮೇಲೇ ಇಲ್ಲ. 2011ರಲ್ಲಿ ಹಾಗೆಂದು ಸಾರಿದರು. ಆದರೆ ಕಾಲುಬಾಯಿ ರೋಗ ಹೋಗಿಲ್ಲ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಎಷ್ಟು ಕೊಟ್ಟಿಗೆ ಬರಿದು ಮಾಡಿತೆಂದು ಹಾಲು ಮಾರುವವರನ್ನು ಕೇಳಿ. ಕುಂಟುವ ಹಸುವನ್ನು ಮೊದಲ ದಿನವೇ ಕಂಡರೆ ಒಂದು ಹಸುವಿನ ಮಾತು. ಎಂಟು ದಿನ ಬಿಟ್ಟರೆ ಊರಿನ ಮಾತು, ಕಾಡಿನ ಮಾತು.

ಕಾಣುವವರು ಯಾರು? ಇಂಗ್ಲೆಂಡಿನ ಬ್ರೈಟನ್ ನಗರಸಭೆ ಇದಕ್ಕೊಂದು ದಾರಿ ಹುಡುಕಿದೆ. ಪೊದೆ ಬೆಳೆಯದಿರಲೆಂದು ಊರ ಸುತ್ತಲ ಗುಡ್ಡದ ಮೇಲೆ ಕುರಿ ಬಿಡುತ್ತಾರೆ. ಅವುಗಳನ್ನು ನೋಡಿ ಬರುವವರು ಸ್ವಯಂಸೇವಕರು. ಅಲ್ಲಿನ ಹಳೇ ಮಾತಿನಲ್ಲಿ ಕುರಿ ಕಾಯುವವನಿಗೆ ‘ಲುಕರ್’, ಅಂದರೆ ನೋಡುವವನು, ಅಂತಲೇ ಹೆಸರು. ಆ ದೇಶದ ಬೇರೆ ಮೀಸಲು ಪ್ರದೇಶಗಳಲ್ಲಿ ದನಕ್ಕೂ ಇದೇ ಪದ್ಧತಿ.

ಕೆಲಸ ದೊಡ್ಡದೇನಲ್ಲ. ತಲೆ ಎಣಿಸಬೇಕು. ಕುಂಟುತ್ತಿದೆಯಾ, ಕಣ್ಣಲ್ಲಿ ನೀರಿದೆಯಾ, ಬಾಯಲ್ಲಿ ಜೊಲ್ಲು ಸುರಿಯುತ್ತಿದೆಯಾ, ಮೆಲುಕು ಹಾಕದೆ ಒಂಟಿಯಾಗಿ ನಿಂತಿದೆಯಾ ನೋಡಬೇಕು. ತೊಟ್ಟಿಯಲ್ಲಿ ನೀರಿದೆಯಾ, ಬೇಲಿ ಹರಿದಿದೆಯಾ ನೋಡಬೇಕು. ತಾನೇ ಡಾಕ್ಟರಾಗಲು ಹೋಗದೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಅಷ್ಟೆ.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಬಿ ಕಲಮಿನ ಪ್ರಕಾರ ಸಂರಕ್ಷಣಾ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಆ ಪ್ರದೇಶ ಬರುವ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಕುರ್ಚಿ, ಸ್ವಯಂಸೇವಾ ಸಂಸ್ಥೆಗಳಿಗೆ ಮೂರು, ಕೃಷಿ ಇಲಾಖೆಗೂ ಪಶುಪಾಲನಾ ಇಲಾಖೆಗೂ ಒಂದೊಂದು. ಕಾರ್ಯದರ್ಶಿ ಅರಣ್ಯ ಇಲಾಖೆಯವರು. ದನದ ಯಜಮಾನ, ದನದ ಡಾಕ್ಟರು, ಕಾಡಿನ ಸಾಹೇಬರು ಎಲ್ಲ ಒಂದೇ ಮೇಜಿಗೆ ಬರಲು ಕಾಯ್ದೆಯೇ ಜಾಗ ಮಾಡಿಕೊಟ್ಟಿದೆ.

ಆ ಮೇಜಿನಿಂದ ಒಂದು ಪಾಳಿ ಪಟ್ಟಿ ಹೊರಟರೆ ಸಾಕು. ಸೋಮವಾರ ಈ ಊರಿನ ಇಬ್ಬರು ಹುಡುಗರು, ಮಂಗಳವಾರ ಆ ಊರಿನವರು. ಕೈಯಲ್ಲಿ ಒಂದು ನೋಟ್‌ಬುಕ್ಕು, ಜೇಬಿನಲ್ಲಿ ಫೋನು. ದನ ಎಷ್ಟು, ಕುಂಟುವುದು ಎಷ್ಟು, ಬೀದಿನಾಯಿ ಬಂದಿತ್ತಾ, ಹುಲ್ಲು ಎಷ್ಟು ಉಳಿದಿದೆ ಅಂತ ನಾಲ್ಕು ಸಾಲು ಬರೆದರೂ ವರ್ಷದ ಕೊನೆಗೆ ಲೆಕ್ಕ ಸಿಗುತ್ತದೆ. ಎಷ್ಟು ದನ ಬಿಡಬಹುದು, ಯಾವ ತಿಂಗಳು ಬಿಡಬಾರದು ಅನ್ನುವ ಜಗಳವನ್ನು ಆ ಲೆಕ್ಕ ಇಟ್ಟುಕೊಂಡೇ ಬಗೆಹರಿಸಬಹುದು.

ದನದವರ ಮೇಲೆ ಕಾಡಿನವರು, ಕಾಡಿನವರ ಮೇಲೆ ದನದವರು ದೂರು ಹೇಳುವುದು ಸುಲಭ. ಬೆಳಿಗ್ಗೆ ಎದ್ದು ಬಯಲಿಗೆ ಹೋಗಿ ಎಣಿಸಿಕೊಂಡು ಬರುವುದು ಸ್ವಲ್ಪ ಕಷ್ಟ. ಸಮಿತಿಯಲ್ಲಿ ನಿಮ್ಮ ಊರಿನ ಕುರ್ಚಿಯಲ್ಲಿ ಕೂತಿರುವವರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು? ಮುಂದಿನ ಗ್ರಾಮಸಭೆಯಲ್ಲಿ ಇಷ್ಟು ಕೇಳಿ ನೋಡಿ.